ವಿಂಡೋ ಎಳೆದರೂ ಪುಟ ಅಲುಗಬಾರದು ಅಂದರೆ

ಪ್ರಶ್ನೆ: ನಾನು ಇಳಕಲ್‌ನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ಬಿಲ್‌ಬುಕ್ಕು ನನ್ನ ಕೆಲಸ. ಪರಿಚಯದ ಸೀರೆ ಅಂಗಡಿಯವರಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ಎಡಕ್ಕೆ ಸೀರೆ ನಮೂನೆಗಳ ಪಟ್ಟಿ 280 ಪಿಕ್ಸೆಲ್, ಬಲಕ್ಕೆ ಫೋಟೋಗಳ ಭಾಗ 1040 ಪಿಕ್ಸೆಲ್, ಎರಡಕ್ಕೂ 10 ಪಿಕ್ಸೆಲ್ ಪ್ಯಾಡಿಂಗ್ (ಅಂಚಿನ ಒಳಗಿನ ಖಾಲಿ ಜಾಗ), ಎರಡೂ ಫ್ಲೋಟ್ ಲೆಫ್ಟ್ (ಎಡಕ್ಕೆ ಸರಿದು ಅಕ್ಕಪಕ್ಕ ಕೂರುವಂತೆ). ನನ್ನ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ಸಾವ್ಕಾರರ ಲ್ಯಾಪ್‌ಟಾಪಿನಲ್ಲಿ ಫೋಟೋಗಳೆಲ್ಲ ಪಟ್ಟಿಯ ಕೆಳಗೆ ಬೀಳುತ್ತವೆ, ಮೆನು ಎರಡು ಸಾಲಾಗುತ್ತದೆ, ಫೋಟೋ ಮೇಲಿದ್ದ ‘ಹೊಸ ಮಾಲು’ ಚೀಟಿ ಖಾಲಿ ಜಾಗದಲ್ಲಿ ನಿಲ್ಲುತ್ತದೆ. ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ತಲೆಬರಹ ಸ್ವಲ್ಪ ಜರುಗುತ್ತದೆ. “ಪ್ರಿಂಟಿನ್ಯಾಗ ಇದ್ದಂಗ ಇರಬೇಕು, ಅಲ್ಲಾಡಬಾರ್ದು” ಅಂತ ಸಾವ್ಕಾರರ ಹಟ. ಪುಟದ ಅಳತೆ ಬದಲಾಗದಂತೆ ಕಟ್ಟಿಹಾಕುವುದು ಹೇಗೆ? ನೋಡುವವರು ವಿಂಡೋ ಸಣ್ಣದು ಮಾಡದಂತೆ ತಡೆಯಲು ಬರುತ್ತದೆಯೇ?

ಉತ್ತರ:

ಕೊನೆಯದನ್ನು ಮೊದಲು ಮುಗಿಸಿಬಿಡೋಣ. ನೋಡುವವರ ವಿಂಡೋ ಅವರ ಸ್ವತ್ತು, ಅದನ್ನು ಎಳೆಯದಂತೆ ತಡೆಯುವ ದಾರಿ ಇಲ್ಲ. ವಿಂಡೋ ಅಳತೆ ಬದಲಿಸುವ ಜಾವಾಸ್ಕ್ರಿಪ್ಟ್ ಆಜ್ಞೆ ಇದೆ ನಿಜ. ಆದರೆ ನಿಮ್ಮ ಪುಟ ತಾನೇ ತೆರೆದ ಪಾಪ್‌ಅಪ್ ವಿಂಡೋ ಮೇಲಷ್ಟೇ ಅದರ ಆಟ ನಡೆಯುತ್ತದೆ. ಗಿರಾಕಿ ತಾನಾಗಿ ತೆರೆದ ಟ್ಯಾಬಿನ ಮೇಲೆ ಇಂದಿನ ಬ್ರೌಸರ್‌ಗಳು ಅದಕ್ಕೆ ಅವಕಾಶ ಕೊಡುವುದಿಲ್ಲ. ಕೊಡದಿರುವುದೇ ಒಳ್ಳೆಯದು.

ಪುಟವನ್ನು ಕಟ್ಟಿಹಾಕಲು ಮಾತ್ರ ಖಂಡಿತ ಬರುತ್ತದೆ, ಅದಕ್ಕೆ ಹೆಚ್ಚು ಕೋಡೂ ಬೇಕಿಲ್ಲ. ಆದರೆ ಯಾವುದನ್ನು ಕಟ್ಟಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿ ನನಗೂ ನಿಮ್ಮ ಸಾವ್ಕಾರರಿಗೂ ಒಮ್ಮತ ಆಗಲಿಕ್ಕಿಲ್ಲ. ಅಗಲಕ್ಕೆ ಮಿತಿ ಹಾಕಬೇಕು, ಎತ್ತರವನ್ನು ಮುಟ್ಟಬಾರದು, ಫೋನಿಗೆ ಬಂದಾಗ ಅಗಲವನ್ನೂ ಬಿಟ್ಟುಕೊಡಬೇಕು ಅನ್ನುವುದು ನನ್ನ ಮತ. ಅದಕ್ಕೆ ಕಾರಣ ಹೇಳುವ ಮೊದಲು ನಿಮ್ಮ ಪುಟ ಯಾಕೆ ಒಡೆಯಿತು ಎಂದು ಲೆಕ್ಕ ಹಾಕೋಣ. ಅಳತೆಗಳನ್ನು ಬರೆದು ಕಳಿಸಿದ್ದು ಬಹಳ ಅನುಕೂಲವಾಯಿತು.

ಎಡಗಡೆಯ ಭಾಗಕ್ಕೆ 280 ಎಂದು ಬರೆದಿದ್ದೀರಿ. ಆದರೆ ಪುಟದ ಅಂದ, ಅಳತೆ ಹೇಳುವ ಭಾಷೆಯಾದ ಸಿಎಸ್‌ಎಸ್‌ನ ಮೂಲ ಲೆಕ್ಕದಲ್ಲಿ ‘ವಿಡ್ತ್’ ಅಂದರೆ ಒಳಗಿನ ವಿಷಯದ ಅಗಲ ಮಾತ್ರ. ಪ್ಯಾಡಿಂಗ್, ಬಾರ್ಡರ್ ಎಲ್ಲ ಅದರ ಮೇಲೆ ಕೂಡುತ್ತವೆ. ಆ ಕಡೆ 10, ಈ ಕಡೆ 10 ಸೇರಿ ಎಡಭಾಗ 300 ಆಯಿತು, ಬಲಭಾಗ 1060 ಆಯಿತು. ಎರಡೂ ಅಕ್ಕಪಕ್ಕ ಕೂರಲು 1360 ಪಿಕ್ಸೆಲ್ ಬೇಕು. ಸಾವ್ಕಾರರ ಲ್ಯಾಪ್‌ಟಾಪ್ 1366 ಅಗಲದ್ದಿರಬೇಕು, ಹಳೆಯ ಲ್ಯಾಪ್‌ಟಾಪುಗಳಲ್ಲಿ ಆ ಅಳತೆ ಸಾಮಾನ್ಯ. 1366ರಲ್ಲಿ 1360 ಹಿಡಿಯಬೇಕಲ್ಲ ಎಂದು ನೀವು ಕೇಳಬಹುದು. ವಿಂಡೋಸ್‌ನಲ್ಲಿ ಬಲತುದಿಯ ಸ್ಕ್ರಾಲ್‌ಬಾರ್ 15ರಿಂದ 17 ಪಿಕ್ಸೆಲ್ ನುಂಗುತ್ತದೆ, 17 ಎಂದೇ ಇಟ್ಟುಕೊಳ್ಳಿ. ಉಳಿದದ್ದು 1349. ನೀವು ಹೇಳದಿದ್ದರೂ ಬ್ರೌಸರ್ ತಾನಾಗಿ ಬಾಡಿ ಟ್ಯಾಗಿಗೆ, ಅಂದರೆ ಪುಟದಲ್ಲಿ ಕಾಣುವುದನ್ನೆಲ್ಲ ಸುತ್ತುವರಿದ ಪೆಟ್ಟಿಗೆಗೆ, ನಾಲ್ಕೂ ಕಡೆ 8 ಪಿಕ್ಸೆಲ್ ಮಾರ್ಜಿನ್ (ಹೊರಗಿನ ಖಾಲಿ ಜಾಗ) ಹಾಕಿರುತ್ತದೆ. ಎಡ ಬಲ ಸೇರಿ ಅದು 16. ಈಗ ಉಳಿದದ್ದು 1333. ಬೇಕಾದದ್ದು 1360, ಅಂದರೆ 27 ಪಿಕ್ಸೆಲ್ ಕಡಿಮೆ ಬಿತ್ತು. ಫ್ಲೋಟ್ ಆದ ಪೆಟ್ಟಿಗೆಗೆ ಪಕ್ಕದಲ್ಲಿ ಜಾಗ ಸಾಲದಿದ್ದರೆ ಅದು ಕುಗ್ಗುವುದಿಲ್ಲ, ಇಡಿಯಾಗಿ ಕೆಳಗಿಳಿಯುತ್ತದೆ. ಹೆಬ್ಬೆರಳಗಲದ ಜಾಗವೂ ಅಲ್ಲ, ಅಷ್ಟಕ್ಕೇ ಫೋಟೋಗಳೆಲ್ಲ ಪಟ್ಟಿಯ ಬುಡಕ್ಕೆ ಹೋದವು.

ಅಂದರೆ ನೀವು ಎರಡು ತುಂಡುಗಳಿಗೆ ಅಳತೆ ಕೊಟ್ಟಿರಿ, ಅವೆರಡನ್ನೂ ಹಿಡಿದಿಡುವ ಹೊರಪೆಟ್ಟಿಗೆಗೆ ಕೊಡಲಿಲ್ಲ. ಆ ಹೊರಪೆಟ್ಟಿಗೆ ಈಗ ಬಾಡಿಯೇ ಆಗಿದೆ, ಬಾಡಿಯ ಅಗಲ ವಿಂಡೋ ಜೊತೆ ಹಿಗ್ಗಿ ಕುಗ್ಗುತ್ತದೆ. ಪೇಜ್‌ಮೇಕರ್‌ನಲ್ಲಿ ಕೆಲಸ ಶುರು ಮಾಡುವ ಮೊದಲೇ ಕಾಗದದ ಅಳತೆ ಕೇಳುತ್ತಾರೆ, ಎ4 ಅಂತಲೋ ಡೆಮಿ ಅಂತಲೋ ಹೇಳುತ್ತೀರಿ. ವೆಬ್‌ನಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ನೀವೇ ಹೇಳಬೇಕು.

ಹೇಳುವ ಬಗೆ ಹೀಗೆ. ಬಾಡಿಯ ಒಳಗೆ ಒಂದೇ ಒಂದು ಡಿವ್ (ಖಾಲಿ ಪೆಟ್ಟಿಗೆ) ಇಟ್ಟು ಅದಕ್ಕೆ ‘ಚೌಕಟ್ಟು’ ಎಂದೋ ‘ರ್‍ಯಾಪರ್’ ಎಂದೋ ಹೆಸರು ಕೊಡಿ. ಪುಟದ ಉಳಿದದ್ದೆಲ್ಲ ಅದರ ಒಳಗೆ ಬರಲಿ. ಅದಕ್ಕೆ ವಿಡ್ತ್ 1200 ಪಿಕ್ಸೆಲ್, ಎಡ ಬಲದ ಮಾರ್ಜಿನ್ ಎರಡಕ್ಕೂ ಆಟೋ, ಆಗ ಅದು ಪುಟದ ನಡುವಿಗೆ ಕೂರುತ್ತದೆ. ಬಾಡಿಯ ಮಾರ್ಜಿನ್ ಸೊನ್ನೆ. ಸ್ಟೈಲ್‌ಶೀಟಿನ ಮೊದಲ ಸಾಲಿನಲ್ಲೇ ನಕ್ಷತ್ರ ಚಿಹ್ನೆ ಹಾಕಿ ಎಲ್ಲ ಪೆಟ್ಟಿಗೆಗಳಿಗೂ ಬಾಕ್ಸ್-ಸೈಜಿಂಗ್ ಬಾರ್ಡರ್-ಬಾಕ್ಸ್ ಎಂದು ಬರೆಯಿರಿ. ಆಗ ಪ್ಯಾಡಿಂಗ್, ಬಾರ್ಡರ್ ಎಲ್ಲ ನೀವು ಹೇಳಿದ ಅಗಲದ ಒಳಗೇ ಸೇರುತ್ತವೆ, 240 ಅಂದರೆ 240 ಮಾತ್ರ. ಇದರಲ್ಲೊಂದು ತಮಾಷೆ ಇದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಪೆಟ್ಟಿಗೆಯ ಅಗಲವನ್ನು ಹೀಗೇ ಎಣಿಸುತ್ತಿತ್ತು, ನಿಯಮಕ್ಕೆ ವಿರುದ್ಧ ಎಂದು ಅದನ್ನು ಬೈಯದವರಿಲ್ಲ. ಈಗ ಅದೇ ಲೆಕ್ಕವನ್ನು ನಾವೆಲ್ಲ ಕೇಳಿ ಹಾಕಿಸಿಕೊಳ್ಳುತ್ತೇವೆ.

ಇನ್ನು ಒಳಗಿನ ಹಂಚಿಕೆ. ಎಡಕ್ಕೆ 240, ಬಲಕ್ಕೆ 960, ಕೂಡಿಸಿದರೆ 1200. ಬಲಭಾಗಕ್ಕೆ ಎಡಗಡೆ ಮಾತ್ರ 24 ಪ್ಯಾಡಿಂಗ್ ಕೊಟ್ಟರೆ ಫೋಟೋಗಳಿಗೆ 936 ಉಳಿಯುತ್ತದೆ. ಸಾಲಿಗೆ ಮೂರು ಸೀರೆ, ನಡುವೆ 24ರ ಎರಡು ಸಂದು. 936ರಲ್ಲಿ 48 ಕಳೆದು ಮೂರರಿಂದ ಭಾಗಿಸಿದರೆ ಒಂದೊಂದು ಫೋಟೋಗೆ 296. ಫ್ಲೋಟ್ ಬಿಟ್ಟುಬಿಡಿ. ಚೌಕಟ್ಟಿನೊಳಗಿನ ಆ ಸಾಲಿಗೆ ಡಿಸ್‌ಪ್ಲೇ ಫ್ಲೆಕ್ಸ್ ಕೊಡಿ. ಫ್ಲೆಕ್ಸ್ ಸಾಲಿನಲ್ಲಿದ್ದವು ಬೇರೆ ಹೇಳದ ಹೊರತು ಕೆಳಗೆ ಬೀಳುವುದಿಲ್ಲ. ಆದರೆ ಜಾಗ ಸಾಲದಾಗ ಕುಗ್ಗುತ್ತವೆ, ಯಾಕೆಂದರೆ ಫ್ಲೆಕ್ಸ್-ಶ್ರಿಂಕ್ ತಾನಾಗಿ 1 ಇರುತ್ತದೆ. ಎಡಪಟ್ಟಿಗೆ ಅದನ್ನು 0 ಮಾಡಿದರೆ 240 ಅಲುಗುವುದಿಲ್ಲ.

1200 ಯಾಕೆ? 1366ರ ಲ್ಯಾಪ್‌ಟಾಪಿನಲ್ಲಿ ಸ್ಕ್ರಾಲ್‌ಬಾರ್ ಕಳೆದೂ ಎರಡೂ ಕಡೆ ಉಸಿರಾಡಲು ಜಾಗ ಉಳಿಯುತ್ತದೆ, 2, 3, 4, 5, 6ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಈ ಹುಡುಕಾಟ ಹಳೆಯದು. 800×600ರ ಪರದೆಗಳಿದ್ದ ಕಾಲಕ್ಕೆ 760ರ ಆಸುಪಾಸಿನ ಪುಟಗಳಿದ್ದವು. 1024 ಬಂದ ಮೇಲೆ 960 ಬಂತು. 2008ರಲ್ಲಿ ನಾಥನ್ ಸ್ಮಿತ್ ಎಂಬ ವಿನ್ಯಾಸಕಾರ 960ನ್ನು 12 ಮತ್ತು 16 ಕಂಬಗಳಾಗಿ ಸೀಳಿ ಒಂದು ಸಿದ್ಧ ಚೌಕಟ್ಟನ್ನೇ ಹೊರತಂದರು. ನಮ್ಮ ಕಡೆ ಆಗ ವೆಬ್ ಕಲಿತವರ ಕೈಗೆ 960 ಎಷ್ಟು ಹತ್ತಿತ್ತೆಂದರೆ, ಪರದೆ ದೊಡ್ಡದಾದ ಮೇಲೂ ಅದೇ ಬರೆಯುತ್ತಿದ್ದರು. ಕಾಲಕ್ಕೊಂದು ಸಂಖ್ಯೆ, ಅಷ್ಟೇ. ಈ ಸಂಖ್ಯೆಯಲ್ಲಿ ಮಂತ್ರವೇನೂ ಇಲ್ಲ.

ಚೌಕಟ್ಟು ಹಾಕಿದ ಮೇಲೆ ಒಂದು ಹೊಸ ತೊಂದರೆ ಏಳುತ್ತದೆ, ಈಗಲೇ ಹೇಳಿಬಿಡುತ್ತೇನೆ. ತಲೆಬರಹದ ಹಿಂದೆ ಪರದೆಯುದ್ದಕ್ಕೂ ಕೆಂಪು ಬಣ್ಣ ಹಾಸಿದ್ದೀರಿ ಅಂದುಕೊಳ್ಳಿ. ಬಣ್ಣದ ಪಟ್ಟಿಯ ಅಗಲ ಶೇಕಡಾ 100, ಅದರ ಒಳಗಿನ ಚೌಕಟ್ಟು 1200. ವಿಂಡೋವನ್ನು 1000ಕ್ಕೆ ಎಳೆದು, ಅಡ್ಡ ಸ್ಕ್ರಾಲ್ ಮಾಡಿ ಬಲಕ್ಕೆ ಹೋಗಿ ನೋಡಿ. ಕೆಂಪು 1000ಕ್ಕೇ ನಿಂತಿರುತ್ತದೆ, ಮೆನುವಿನ ಕೊನೆಯ ಪದಗಳು ಬಿಳಿಯ ಮೇಲೆ ತೇಲುತ್ತಿರುತ್ತವೆ. ಆ ಪದಗಳ ಬಣ್ಣವೂ ಬಿಳಿಯಾಗಿದ್ದರೆ ಕಾಣುವುದೇ ಇಲ್ಲ. ಶೇಕಡಾ 100 ಅಂದರೆ ವಿಂಡೋದ 100, ಒಳಗಿನ ವಿಷಯದ್ದಲ್ಲ. ಬಾಡಿ ಟ್ಯಾಗಿಗೆ ಮಿನ್-ವಿಡ್ತ್ (ಕನಿಷ್ಠ ಅಗಲ) 1200 ಕೊಟ್ಟರೆ ಸರಿಹೋಗುತ್ತದೆ. ನಿಗದಿತ ಅಗಲದ ಪುಟ ಮಾಡುವವರು ಮರೆಯುವ ಸಾಲು ಇದೇ, ಯಾಕೆಂದರೆ ತಮ್ಮ ದೊಡ್ಡ ಪರದೆಯಲ್ಲಿ ಇದು ಕಾಣಿಸಿಕೊಳ್ಳುವುದಿಲ್ಲ.

‘ಹೊಸ ಮಾಲು’ ಚೀಟಿಯ ಕತೆ ಬೇರೆ. ಅದಕ್ಕೆ ಪೊಸಿಶನ್ ಆಬ್ಸೊಲ್ಯೂಟ್ ಕೊಟ್ಟು, ಎಡದಿಂದ ಇಷ್ಟು, ಮೇಲಿಂದ ಇಷ್ಟು ಎಂದು ಬರೆದಿರುತ್ತೀರಿ. ಎಡದಿಂದ ಅಂದರೆ ಯಾವುದರ ಎಡ? ಸುತ್ತಲಿನ ಯಾವ ಪೆಟ್ಟಿಗೆಗೂ ಪೊಸಿಶನ್ ಹೇಳಿರದಿದ್ದರೆ ಇಡೀ ಪುಟದ ಎಡ. ಹಾಗಾಗಿ ಚೀಟಿ ಎಲ್ಲಿಯೂ ಹೋಗಿಲ್ಲ, ಇದ್ದಲ್ಲೇ ಇದೆ. ಹೋದದ್ದು ಅದರ ಕೆಳಗಿದ್ದ ಫೋಟೋ. ಈಗ ಚೌಕಟ್ಟನ್ನು ನಡುವಿಗೆ ತಂದರೆ ಚೀಟಿ ಮತ್ತಷ್ಟು ದೂರ ಉಳಿಯುತ್ತದೆ. ಫೋಟೋ ಇರುವ ಪುಟ್ಟ ಡಿವ್‌ಗೆ ಪೊಸಿಶನ್ ರಿಲೇಟಿವ್ ಕೊಡಿ, ಚೀಟಿಯನ್ನು ಅದೇ ಡಿವ್ ಒಳಗಿಡಿ, ಮೇಲಿಂದ 8, ಬಲದಿಂದ 8 ಎಂದು ಬರೆಯಿರಿ. ಆಮೇಲೆ ಫೋಟೋ ಹೋದಲ್ಲಿ ಚೀಟಿ ಹೋಗುತ್ತದೆ.

ಪುಟ ಬದಲಿಸಿದಾಗ ತಲೆಬರಹ ಜರುಗುವುದಕ್ಕೂ ಸ್ಕ್ರಾಲ್‌ಬಾರೇ ಕಾರಣ. ‘ಸಂಪರ್ಕ’ ಪುಟ ಚಿಕ್ಕದು, ಅಲ್ಲಿ ಸ್ಕ್ರಾಲ್‌ಬಾರ್ ಇಲ್ಲ. ಸೀರೆಗಳ ಪುಟ ಉದ್ದ, ಅಲ್ಲಿದೆ. ನಡುವಿಗೆ ಕೂರುವ ಯಾವುದೇ ವಸ್ತು ಆ 17ರ ಅರ್ಧದಷ್ಟು ಜರುಗುತ್ತದೆ. ಎಚ್‌ಟಿಎಂಎಲ್ ಟ್ಯಾಗಿಗೆ ಓವರ್‌ಫ್ಲೋ-ವೈ ಸ್ಕ್ರಾಲ್ ಎಂದು ಕೊಟ್ಟರೆ ಎಲ್ಲ ಪುಟಗಳಲ್ಲೂ ಸ್ಕ್ರಾಲ್‌ಬಾರಿನ ಜಾಗ ಕಾಯ್ದಿರಿಸಿದಂತಾಗುತ್ತದೆ. ಇದೇ ಕುಟುಂಬದ ಇನ್ನೊಂದು ಕಿರಿಕಿರಿ: ಯಾವುದಕ್ಕಾದರೂ ಅಗಲ 100ವಿಡಬ್ಲ್ಯೂ (ಇಡೀ ವಿಂಡೋದ ಅಗಲ) ಎಂದು ಕೊಟ್ಟಿದ್ದರೆ ಆ ಅಳತೆ ಸ್ಕ್ರಾಲ್‌ಬಾರನ್ನೂ ಸೇರಿಸಿ ಎಣಿಸುತ್ತದೆ, ಪುಟದ ಕೆಳಗೆ ಕಾರಣವಿಲ್ಲದೆ ಅಡ್ಡ ಸ್ಕ್ರಾಲ್ ಮೂಡುತ್ತದೆ.

ಈಗ ಮೆನು. ಮುಖಪುಟ, ಇಳಕಲ್ ಸೀರೆ, ಗುಳೇದಗುಡ್ಡ ಖಣ, ದರಪಟ್ಟಿ, ನಮ್ಮ ಬಗ್ಗೆ, ಸಂಪರ್ಕ ಅಂತ ಇರಬಹುದು. ವೈಟ್-ಸ್ಪೇಸ್ ನೋರ್ಯಾಪ್ ಕೊಟ್ಟರೆ ಪದಗಳು ಎರಡು ಸಾಲಾಗುವುದಿಲ್ಲ, ಕೆಲಸ ಮುಗಿಯಿತು ಅನ್ನಿಸುತ್ತದೆ. ಆದರೆ ಅದು ಸಾವ್ಕಾರರ ಲ್ಯಾಪ್‌ಟಾಪಿನಲ್ಲೇ ಯಾಕೆ ಎರಡು ಸಾಲಾಯಿತು ಎಂದು ಕೇಳಿಕೊಳ್ಳಬೇಕು. ಜಾಗ ಕಡಿಮೆ ಇದ್ದದ್ದು ಒಂದು ಕಾರಣ. ಇನ್ನೊಂದು ಕಾರಣ ಫಾಂಟ್ ಇದ್ದೀತು. ಡಿಟಿಪಿ ಮಾಡುವವರ ಯಂತ್ರದಲ್ಲಿ ಹತ್ತಾರು ಕನ್ನಡ ಫಾಂಟುಗಳಿರುತ್ತವೆ, ಸಾವ್ಕಾರರ ಯಂತ್ರದಲ್ಲಿ ಇರುವುದಿಲ್ಲ. ನೀವು ಹೆಸರಿಸಿದ ಫಾಂಟ್ ಸಿಗದಿದ್ದರೆ ವಿಂಡೋಸ್ ತನ್ನ ನಿರ್ಮಲಾ ಯುಐ ಹಾಕಿಕೊಳ್ಳುತ್ತದೆ, ಆಂಡ್ರಾಯ್ಡ್ ಫೋನು ನೋಟೊ ಹಾಕಿಕೊಳ್ಳುತ್ತದೆ. ಅದೇ 18ರ ಅಳತೆಯಲ್ಲೂ ಅಕ್ಷರದ ಅಗಲ ಫಾಂಟಿನಿಂದ ಫಾಂಟಿಗೆ ಬೇರೆ. ಪುಟದ ಅಗಲ ಎಷ್ಟೇ ಬಿಗಿಯಾಗಿ ಕಟ್ಟಿದರೂ ಅಕ್ಷರ ತನ್ನ ಪಾಡಿಗೆ ಹಿಗ್ಗುತ್ತದೆ. ಆದ್ದರಿಂದ ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟ್ ಒಂದನ್ನು ವೆಬ್‌ಫಾಂಟ್ ಆಗಿ ಪುಟದ ಜೊತೆಗೇ ಕಳಿಸಿ, ಎಲ್ಲ ಕಡೆ ಒಂದೇ ಅಗಲ ಬರುತ್ತದೆ. ಇಲ್ಲೇ ಇನ್ನೊಂದು ಮಾತು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ವೆಬ್‌ಗೆ ಹಾಕುವಾಗ ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಆಗಿದೆಯೇ ಎಂದು ನೋಡಿಕೊಳ್ಳಿ. ಹಳೆಯ ಆಸ್ಕಿ ಅಕ್ಷರಗಳಾದರೆ ಫಾಂಟ್ ಇಲ್ಲದವರಿಗೆ ಕನ್ನಡವೇ ಕಾಣುವುದಿಲ್ಲ.

ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲೂ ಗಿರಾಕಿಗಳಿದ್ದಾರೆ, ಇಂದಲ್ಲ ನಾಳೆ ಸಾವ್ಕಾರರು ಮರಾಠಿ ಪುಟವನ್ನೂ ಕೇಳುತ್ತಾರೆ. ಇಲ್ಲಿ ಬೆಳಗಾವಿಯಲ್ಲಂತೂ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಒಂದೇ ಪುಟದಲ್ಲಿ ಬೇಕೆನ್ನುವವರೇ ಹೆಚ್ಚು. ಗುಂಡಿಗೆ ‘90 ಪಿಕ್ಸೆಲ್’ ಎಂದು ಅಗಲ ಕಟ್ಟಿ ಇಂಗ್ಲಿಷಿನ ‘ಕಾರ್ಟ್’ ಕೂರಿಸಿದವರು ಅಲ್ಲೇ ‘ಬುಟ್ಟಿಗೆ ಸೇರಿಸಿ’ ಎಂದು ಬರೆದಾಗ ತೊಂದರೆ ಗೊತ್ತಾಗುತ್ತದೆ. ಗುಂಡಿಗೆ ಪ್ಯಾಡಿಂಗ್ ಕೊಡಿ, ಅಗಲ ಕೊಡಬೇಡಿ.

ಎತ್ತರದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮಗ್ಗದ ಮೇಲೆ ಸೀರೆಯ ಅಗಲ ಮೊದಲೇ ಗೊತ್ತು, ಉದ್ದ ನೇಯ್ದಷ್ಟು. ಪುಟವೂ ಹಾಗೇ ಇರಲಿ. ಅಗಲ ಕಟ್ಟಿದ ಮೇಲೆ ಪ್ರಿಂಟಿನ ಅಭ್ಯಾಸದಲ್ಲಿ ಎತ್ತರವನ್ನೂ ಕಟ್ಟುವ ಆಸೆ ಬರುತ್ತದೆ, ಮೆನುವಿಗೆ 30, ವಿವರಣೆಯ ಪೆಟ್ಟಿಗೆಗೆ 120, ಮೀರಿದ್ದಕ್ಕೆ ಓವರ್‌ಫ್ಲೋ ಹಿಡನ್. ಇಂಗ್ಲಿಷಿಗೆ ಅದು ಹೇಗೋ ನಡೆದುಹೋಗುತ್ತದೆ. ಕನ್ನಡಕ್ಕೆ ನಡೆಯುವುದಿಲ್ಲ. ‘ವಸ್ತ್ರ’ ಎಂದು ಬರೆದು ಸಾಲೆತ್ತರವನ್ನು 1.1ಕ್ಕೆ ಇಳಿಸಿ, ಪೆಟ್ಟಿಗೆಯನ್ನು ಅಷ್ಟಕ್ಕೇ ಕಟ್ಟಿ ನೋಡಿ. ಸಕಾರದ ಕೆಳಗೆ ಜೋತುಬಿದ್ದ ಒತ್ತುಗಳ ಬುಡ ಕತ್ತರಿಸಿಹೋಗುತ್ತದೆ. ‘ಗುಳೇದಗುಡ್ಡ’ದ ಒತ್ತಿಗೂ ಅದೇ ಗತಿ. ದೊಡ್ಡ ಪೆಟ್ಟಿಗೆಯಲ್ಲಾದರೆ ಕೊನೆಯ ಸಾಲಿನ ಒತ್ತಕ್ಷರಗಳು ಮಾತ್ರ ಮಾಯವಾಗುತ್ತವೆ. ನೀವು ಗಮನಿಸದಿದ್ದರೂ ಓದುವವರಿಗೆ ಏನೋ ಅರ್ಧಮರ್ಧ ಅನ್ನಿಸುತ್ತದೆ. ಕನ್ನಡ ಸಾಲಿಗೆ ಲೈನ್-ಹೈಟ್ 1.6ಕ್ಕೆ ಕಡಿಮೆ ಇಡಬೇಡಿ, ಎತ್ತರಕ್ಕೆ ಕನಿಷ್ಠ ಬೇಕೆನಿಸಿದರೆ ಮಿನ್-ಹೈಟ್ ಕೊಡಿ, ಹೈಟ್ ಕೊಡಬೇಡಿ.

ಫೋಟೋ ಒಂದಕ್ಕೆ ಈ ಮಾತಿನಿಂದ ವಿನಾಯಿತಿ ಇದೆ, ಅದೂ ಅರ್ಧ. ಮೂರು ಸೀರೆ ಒಂದೇ ಎತ್ತರದಲ್ಲಿ ಸಾಲಾಗಿ ನಿಂತರೇ ಚೆಂದ. ಆದರೆ ವಿಡ್ತ್ 296, ಹೈಟ್ 380 ಎಂದು ಎರಡನ್ನೂ ಬಿಗಿದರೆ ಅಡ್ಡ ತೆಗೆದ ಫೋಟೋ ಹಿಂಡಿಹೋಗುತ್ತದೆ. ಗೋಮಿ ದಡಿಯ ಅಗಲ ಅರ್ಧವಾಗಿ, ಸೆರಗಿನ ತೆನಿ ಕಡ್ಡಿಯಂತೆ ಕಂಡರೆ ಸೀರೆ ಗೊತ್ತಿರುವವರು ಕೊಳ್ಳುವುದು ಹಾಗಿರಲಿ, ನಗುತ್ತಾರೆ. ದಡಿ ನೋಡಿಯೇ ಬೆಲೆ ಕಟ್ಟುವ ಮಾಲು ಇದು. ಆಬ್ಜೆಕ್ಟ್-ಫಿಟ್ ಕವರ್ ಎಂದರೆ ಚಿತ್ರ ಹಿಂಡುವುದಿಲ್ಲ, ಅಂಚು ಕತ್ತರಿಸುತ್ತದೆ. ಆದರೆ ಇಳಕಲ್ ಸೀರೆಯಲ್ಲಿ ಕತ್ತರಿಸಿಹೋಗುವ ಆ ಅಂಚೇ ದಡಿ! ಆದ್ದರಿಂದ ಮೊದಲೇ ಎಲ್ಲ ಫೋಟೋಗಳನ್ನೂ ಒಂದೇ ಪ್ರಮಾಣಕ್ಕೆ, ಉದಾಹರಣೆಗೆ 3ಕ್ಕೆ 4ರಂತೆ, ದಡಿ ಒಳಗೆ ಬರುವ ಹಾಗೆ ಫೋಟೋಶಾಪಿನಲ್ಲಿ ಕೈಯಿಂದ ಕತ್ತರಿಸಿಟ್ಟುಕೊಳ್ಳಿ. ಈ ಕೆಲಸ ನಿಮಗೆ ಹೇಳಿಕೊಡಬೇಕಾಗಿಲ್ಲ. ಆಮೇಲೆ ಸಿಎಸ್‌ಎಸ್‌ನಲ್ಲಿ ಅಗಲ ಶೇಕಡಾ 100, ಹೈಟ್ ಆಟೋ ಸಾಕು. ಇಮೇಜ್ ಟ್ಯಾಗಿನಲ್ಲಿ ಮೂಲ ಚಿತ್ರದ ಅಗಲ ಎತ್ತರ ಎರಡನ್ನೂ ಬರೆಯಿರಿ. ನೆಟ್‌ವರ್ಕ್ ನಿಧಾನವಿದ್ದರೂ ಬ್ರೌಸರ್ ಆ ಪ್ರಮಾಣದಲ್ಲಿ ಜಾಗ ಹಿಡಿದಿಟ್ಟಿರುತ್ತದೆ, ಚಿತ್ರ ಬಂದಾಗ ಕೆಳಗಿನ ಸಾಲುಗಳು ಧಡಕ್ಕನೆ ಇಳಿಯುವುದಿಲ್ಲ.

ಇಷ್ಟಾದರೆ ಸಾವ್ಕಾರರು ಕೇಳಿದ್ದು ಸಿಕ್ಕಿತು. ವಿಂಡೋ ಎಷ್ಟು ಎಳೆದರೂ ಪುಟ ಅಲುಗುವುದಿಲ್ಲ, ಸಣ್ಣದಾದರೆ ಕೆಳಗೆ ಅಡ್ಡ ಸ್ಕ್ರಾಲ್ ಬರುತ್ತದೆ. ಈಗ ಅವರಿಗೆ ಎರಡು ಪ್ರಯೋಗ ತೋರಿಸಿ, ನಿಮ್ಮ ವಾದ ನೀವೇ ಮಾಡಬೇಕಾಗುವುದಿಲ್ಲ.

ಮೊದಲನೆಯದು ಅವರದೇ ಲ್ಯಾಪ್‌ಟಾಪಿನಲ್ಲಿ. ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿ ಪುಟವನ್ನು ಶೇಕಡಾ 125ಕ್ಕೆ ದೊಡ್ಡದು ಮಾಡಿ. ಚಾಳೀಸಿನವರು ದಿನವೂ ಮಾಡುವುದು ಇದನ್ನೇ. ಜೂಮ್ ಮಾಡಿದಾಗ ಪರದೆ ದೊಡ್ಡದಾಗುವುದಿಲ್ಲ, ಒಂದೊಂದು ಸಿಎಸ್‌ಎಸ್ ಪಿಕ್ಸೆಲ್ ದೊಡ್ಡದಾಗುತ್ತದೆ. 1366ನ್ನು 1.25ರಿಂದ ಭಾಗಿಸಿದರೆ 1093. ನಿಮ್ಮ 1200 ಅದರಲ್ಲಿ ಹಿಡಿಯದು, ದರ ನೋಡಲು ಅತ್ತಿಂದಿತ್ತ ಜಗ್ಗಬೇಕು. 1920ರ ಹೊಸ ಲ್ಯಾಪ್‌ಟಾಪುಗಳ ಹಣೆಬರಹವೂ ಇದೇ. ವಿಂಡೋಸ್ ಸೆಟ್ಟಿಂಗಿನಲ್ಲಿ ಸ್ಕೇಲ್ 125 ಇದ್ದರೆ ಬ್ರೌಸರಿಗೆ ಸಿಗುವುದು 1536, 150 ಇದ್ದರೆ 1280. ಯಾರೂ ವಿಂಡೋ ಎಳೆಯದೆಯೇ ಅದು ಸಣ್ಣದಾಗಿರುತ್ತದೆ. ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ 2018ರಲ್ಲಿ ಹೊರಡಿಸಿದ ಸುಲಭಬಳಕೆಯ ಮಾರ್ಗಸೂಚಿ 2.1 ಇದಕ್ಕೆಂದೇ ಒಂದು ಅಳತೆ ಇಟ್ಟಿದೆ: 320 ಸಿಎಸ್‌ಎಸ್ ಪಿಕ್ಸೆಲ್ ಅಗಲದಲ್ಲೂ ಓದುವ ವಿಷಯ ಅಡ್ಡ ಸ್ಕ್ರಾಲ್ ಇಲ್ಲದೆ ಕಾಣಬೇಕು. 1280ರ ಪರದೆಯನ್ನು 400ಕ್ಕೆ ಜೂಮ್ ಮಾಡಿದರೆ ಉಳಿಯುವುದು ಅದೇ 320.

ಎರಡನೆಯದು ಫೋನು. ಐಫೋನ್ 2007ರಲ್ಲಿ ಬಂದಾಗ ವೆಬ್‌ನಲ್ಲಿ ಎಲ್ಲ ಕಡೆ ನಿಗದಿತ ಅಗಲದ ಪುಟಗಳೇ ಇದ್ದವು. ಅದಕ್ಕೆ ಆಪಲ್‌ನವರು ಒಂದು ಉಪಾಯ ಮಾಡಿದರು: ಪುಟ ಏನೂ ಹೇಳದಿದ್ದರೆ ಫೋನಿನ ಪರದೆ 980 ಅಗಲದ್ದು ಎಂದು ನಟಿಸುವುದು, ಆಮೇಲೆ ಇಡೀ ಪುಟವನ್ನು ಕುಗ್ಗಿಸಿ ತೋರಿಸುವುದು. ಪುಟದ ಎಚ್‌ಟಿಎಂಎಲ್ ತಲೆಯಲ್ಲಿ ಬರೆಯುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಬಂದದ್ದು ಆ ನಟನೆಯನ್ನು ಹತೋಟಿಯಲ್ಲಿಡಲು. ಹಟ ಹಿಡಿದು ನಿಗದಿತ ಪುಟವನ್ನೇ ಫೋನಿನಲ್ಲೂ ತೋರಿಸಬೇಕೆಂದರೆ ಆ ಟ್ಯಾಗಿನಲ್ಲಿ ವಿಡ್ತ್ 1200 ಎಂದು ಬರೆದುಬಿಡಿ. ಪುಟ ಒಡೆಯುವುದಿಲ್ಲ, ಪ್ರಿಂಟ್ ತೆಗೆದಂತೆ ಪೂರಾ ಕಾಣುತ್ತದೆ. ಆದರೆ ಲೆಕ್ಕ ನೋಡಿ. ಸಾಮಾನ್ಯ ಆಂಡ್ರಾಯ್ಡ್ ಫೋನಿನ ಅಗಲ 360 ಸಿಎಸ್‌ಎಸ್ ಪಿಕ್ಸೆಲ್. 1200 ಅಲ್ಲಿ ಹಿಡಿಯಬೇಕೆಂದರೆ ಎಲ್ಲವೂ ಹತ್ತರಲ್ಲಿ ಮೂರು ಪಾಲಿಗೆ ಇಳಿಯಬೇಕು. 16ರ ಅಕ್ಷರ 4.8 ಆಗುತ್ತದೆ. ಆ ಅಳತೆಯಲ್ಲಿ ‘ದರ’ ಇದ್ದದ್ದು ಗೆರೆಯಂತೆ ಕಾಣುತ್ತದೆ, ಒತ್ತಕ್ಷರದ ಮಾತಂತೂ ಬೇಡ. ಬೆರಳಿನಿಂದ ಹಿಗ್ಗಿಸಿ ನೋಡಬಹುದಲ್ಲ ಎಂದರೆ ನೋಡಬಹುದು, ಎಷ್ಟು ಜನ ನೋಡುತ್ತಾರೆ ಎಂಬುದನ್ನು ಸಾವ್ಕಾರರಿಗೇ ಬಿಡಿ. ಯೂಸರ್-ಸ್ಕೇಲೆಬಲ್ ನೋ ಎಂದು ಬರೆದು ಆ ಹಿಗ್ಗಿಸುವ ದಾರಿಯನ್ನೂ ಮುಚ್ಚುವ ಸಲಹೆ ನಿಮಗೆ ಎಲ್ಲಿಯಾದರೂ ಸಿಕ್ಕರೆ ಕೇಳಬೇಡಿ. ವಾಟ್ಸಾಪಿನಲ್ಲಿ ಬಂದ ಲಿಂಕ್ ಒತ್ತಿ ಸೀರೆ ನೋಡುವ ಕಾಲ ಇದು. ಗೂಗಲ್ ಕೂಡ ಈಗ ಪುಟದ ಮೊಬೈಲ್ ರೂಪವನ್ನೇ ಓದಿ ತನ್ನ ಹುಡುಕುಪಟ್ಟಿಗೆ ಸೇರಿಸುತ್ತದೆ.

ಹಾಗಾದರೆ ನಾನು ಹೇಳುವ ಮಧ್ಯದ ದಾರಿ: ಚೌಕಟ್ಟಿನ ವಿಡ್ತ್ ಎಂಬುದನ್ನು ಮ್ಯಾಕ್ಸ್-ವಿಡ್ತ್ ಮಾಡಿ. ಒಂದೇ ಪದದ ಬದಲಾವಣೆ. 1200ಕ್ಕಿಂತ ಹೆಚ್ಚು ಹಿಗ್ಗುವುದಿಲ್ಲ, ಜಾಗ ಕಡಿಮೆಯಾದರೆ ಕುಗ್ಗುತ್ತದೆ. ಬಾಡಿಯ ಮಿನ್-ವಿಡ್ತ್ ತೆಗೆಯಿರಿ, ಇನ್ನು ಅದರ ಅವಶ್ಯಕತೆ ಇಲ್ಲ. ಎಡಪಟ್ಟಿ 240ರಲ್ಲೇ ನಿಲ್ಲಲಿ. ಬಲಭಾಗ ಉಳಿದ ಜಾಗ ತುಂಬಿಕೊಳ್ಳಲಿ, ಅದಕ್ಕೆ 960 ಎಂಬ ಅಂಕಿ ಬೇಡ. ಫ್ಲೆಕ್ಸ್ 1 ಎಂದು ಬರೆದು ಜೊತೆಗೆ ಮಿನ್-ವಿಡ್ತ್ 0 ಹಾಕಿ, ಇಲ್ಲದಿದ್ದರೆ ಒಳಗೊಂದು ಅಗಲವಾದ ಟೇಬಲ್ ಇದ್ದಾಗ ಬಲಭಾಗ ಕುಗ್ಗಲು ಒಪ್ಪುವುದಿಲ್ಲ. ಮೂರು ಫೋಟೋಗಳ ಸಾಲಿಗೆ ಗ್ರಿಡ್ ಹಾಕಿ, ಆಟೋ-ಫಿಟ್ ಎಂದು ಬರೆದು ಒಂದೊಂದಕ್ಕೆ ಕನಿಷ್ಠ 220 ಎಂದು ಹೇಳಿದರೆ ಅದು ತಾನಾಗಿ ಮೂರು, ಎರಡು, ಒಂದು ಎಂದು ಇಳಿಯುತ್ತದೆ. ಕೊನೆಗೆ ಒಂದೇ ಒಂದು ಮೀಡಿಯಾ ಕ್ವೆರಿ: ಅಗಲ 760ಕ್ಕಿಂತ ಕಡಿಮೆಯಾದರೆ ಎಡಪಟ್ಟಿ ಮೇಲೆ ಹೋಗಲಿ, ಫೋಟೋಗಳು ಕೆಳಗೆ ಬರಲಿ. ವ್ಯೂಪೋರ್ಟ್ ಟ್ಯಾಗಿನಲ್ಲಿ 1200 ಬದಲು ಡಿವೈಸ್-ವಿಡ್ತ್. ವೆಬ್ ವಿನ್ಯಾಸಕಾರ ಈಥನ್ ಮಾರ್ಕಾಟ್ 2010ರ ಮೇ ತಿಂಗಳಲ್ಲಿ ರೆಸ್ಪಾನ್ಸಿವ್ ಎಂದು ಹೆಸರಿಟ್ಟ ಪದ್ಧತಿಯ ಹುರುಳು ಇಷ್ಟೇ. ಹತ್ತಾರು ಅಳತೆಗೆ ಹತ್ತಾರು ನಿಯಮ ಬರೆಯುವವರಿದ್ದಾರೆ, ನಿಮ್ಮ ಪುಟಕ್ಕೆ ಬೇಡ.

ಸಾವ್ಕಾರರ ಆಸೆಗೆ ನ್ಯಾಯವಾದ ಜಾಗ ಒಂದಿದೆ, ದರಪಟ್ಟಿ. ನಂಬರು, ದಡಿ, ಬಣ್ಣ, ಉದ್ದ, ದರ ಎಂಬ ಕಂಬಗಳನ್ನು ಫೋನಿಗೆಂದು ಒಂದರ ಕೆಳಗೊಂದು ಒಟ್ಟಿದರೆ ಹೋಲಿಸಿ ನೋಡಲು ಬರುವುದಿಲ್ಲ. ಟೇಬಲ್ ಟೇಬಲ್ಲಾಗಿಯೇ ಇರಬೇಕು. ಅದಕ್ಕೆ ಮಿನ್-ವಿಡ್ತ್ 640 ಕೊಡಿ, ಸುತ್ತ ಒಂದು ಡಿವ್ ಹಾಕಿ ಆ ಡಿವ್‌ಗೆ ಓವರ್‌ಫ್ಲೋ-ಎಕ್ಸ್ ಆಟೋ ಕೊಡಿ. ಅಡ್ಡ ಜರುಗುವುದು ಟೇಬಲ್ ಮಾತ್ರ, ಪುಟ ನಿಂತಲ್ಲೇ ನಿಲ್ಲುತ್ತದೆ. ಮೇಲೆ ಹೇಳಿದ ಮಾರ್ಗಸೂಚಿಯೂ ಇಂಥ ಟೇಬಲ್ಲು, ನಕ್ಷೆಗಳಿಗೆ ವಿನಾಯಿತಿ ಕೊಟ್ಟಿದೆ.

ವಿಂಡೋ ಅಳತೆಗೆ ತಕ್ಕಂತೆ ಇಡೀ ಪುಟವನ್ನು ಸ್ಕ್ರಿಪ್ಟಿನಿಂದ ಹಿಗ್ಗಿಸಿ ಕುಗ್ಗಿಸುವ ಉಪಾಯವನ್ನೂ ಯಾರಾದರೂ ಹೇಳಿಯಾರು. ಅಕ್ಷರ ಮಸುಕಾಗಬಹುದು, ಓದುಗನ ಜೂಮ್‌ಗೂ ಅದಕ್ಕೂ ಜಗಳ ಹತ್ತುತ್ತದೆ. ಆ ಕಡೆ ಹೋಗಬೇಡಿ.

ಪರೀಕ್ಷೆ ಮಾಡಲು ಊರಿನ ಎಲ್ಲರ ಫೋನು ಕೇಳಬೇಕಿಲ್ಲ. ಕ್ರೋಮ್‌ನಲ್ಲಿ ಎಫ್12 ಒತ್ತಿ, ಆಮೇಲೆ ಕಂಟ್ರೋಲ್, ಶಿಫ್ಟ್, ಎಂ ಒಟ್ಟಿಗೆ ಒತ್ತಿ. ಮೇಲುಗಡೆ ಅಗಲ ಬರೆಯುವ ಜಾಗ ಬರುತ್ತದೆ. 360, 768, 1093, 1366 ಹಾಕಿ ನೋಡಿ. ಎಲ್ಲಿ ಒಡೆಯುತ್ತದೋ ಅಲ್ಲಿ ಬಲಗುಂಡಿ ಒತ್ತಿ ಇನ್‌ಸ್ಪೆಕ್ಟ್ ಎಂದರೆ ಆ ಪೆಟ್ಟಿಗೆಯ ಅಗಲ, ಪ್ಯಾಡಿಂಗ್, ಮಾರ್ಜಿನ್ ಬಣ್ಣಬಣ್ಣವಾಗಿ ಕಾಣುತ್ತವೆ. ಎಲ್ಲಿ ಜಾಗ ಸಾಲದಾಯಿತು ಎಂಬುದು ಅಲ್ಲಿ ನೇರವಾಗಿ ಕಣ್ಣಿಗೆ ಬೀಳುತ್ತದೆ.

ಇನ್ನು ಸಾವ್ಕಾರರು ನಿಜಕ್ಕೂ ಕಾಗದದ ಮೇಲೆ ಹೊಂದಬೇಕೆನ್ನುವುದು ಬಿಲ್ ಅಥವಾ ದರಪಟ್ಟಿಯ ಪ್ರಿಂಟ್ ಆಗಿದ್ದರೆ, ಅದಕ್ಕೆ ಬೇರೆಯೇ ಪ್ರಿಂಟ್ ಸ್ಟೈಲ್‌ಶೀಟ್ ಇರಲಿ. ಅಲ್ಲಿ ಪಿಕ್ಸೆಲ್ ಬಿಟ್ಟು ಮಿಲಿಮೀಟರಿನಲ್ಲಿ ಬರೆಯಿರಿ: ಎ4 ಆದರೆ 210ಕ್ಕೆ 297, ಮೆನು ಮತ್ತು ಎಡಪಟ್ಟಿಗೆ ಡಿಸ್‌ಪ್ಲೇ ನನ್. ಅಲ್ಲಿ ಅಗಲವನ್ನು ಎಷ್ಟು ಬೇಕಾದರೂ ಬಿಗಿಯಾಗಿ ಕಟ್ಟಿ, ಕಾಗದವನ್ನು ಯಾರೂ ಎಳೆದು ಸಣ್ಣದು ಮಾಡುವುದಿಲ್ಲ.